ಚಿಕ್ಕಬಳ್ಳಾಪುರದ ಭಾನುವಾರದ ಚೀನೀ ಕ್ಲಾಸು: ಹಾಡು, ಕುಣಿತ, ಕುಂಚ

ಐದರಿಂದ ಎಂಟು ವರ್ಷದ ಮಗು ಮನೆಯಲ್ಲಿದ್ದರೆ ಈ ಕ್ಲಾಸಿಗೆ ಧೈರ್ಯವಾಗಿ ಸೇರಿಸಿ. ಹತ್ತು ದಾಟಿದ ಮಕ್ಕಳಾದರೆ ಮೊದಲು ಒಂದು ದಿನ ಕೂರಿಸಿ ನೋಡಿ, ಆಮೇಲೆ ದುಡ್ಡು ಕಟ್ಟಿ. ಚೀನೀ ಭಾಷೆಯನ್ನು ಜನಪದ ಹಾಡು, ಕುಣಿತ, ಚಿತ್ರದ ಮೂಲಕ ಕಲಿಸುತ್ತಾರೆ ಅಂದ ತಕ್ಷಣ ಜನ ಎರಡು ಥರ ಮಾತಾಡುತ್ತಾರೆ. ಕೆಲವರು 'ಅದೆಲ್ಲ ಬರೀ ಆಟ' ಅನ್ನುತ್ತಾರೆ. ಇನ್ನು ಕೆಲವರು 'ಹಾಡಿಸಿದರೆ ಸಾಕು, ಭಾಷೆ ತಾನಾಗೇ ಬರುತ್ತೆ' ಅನ್ನುತ್ತಾರೆ. ಎರಡೂ ನಿಜವಲ್ಲ. ಕ್ಲಾಸಿನ ಮೂಲೆಯಲ್ಲಿ ಕೂತು ನೋಡಿದವಳಾಗಿ ಅದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಕ್ಲಾಸು ನಡೆಯುವುದು ಕಂದವಾರದ ಕಡೆ, ಒಂದು ಮನೆಯ ಮೊದಲ ಮಹಡಿಯಲ್ಲಿ. ಬೋರ್ಡು ಇಲ್ಲ, ಕ್ಲಾಸಿಗೆ ಒಂದು ಹೆಸರೂ ಇಲ್ಲ. ಟೀಚರ್ ಒಬ್ಬರೇ. ತಮ್ಮ ಹೆಸರು, ಫೋನ್ ನಂಬರ್ ಹಾಕುವುದು ಬೇಡ ಅಂದಿದ್ದಾರೆ, ಹಾಗಾಗಿ ಹಾಕುವುದಿಲ್ಲ. ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡು. ತಿಂಗಳಿಗೆ 1,200 ರೂಪಾಯಿ. ಕುಂಚ, ಮಸಿ, ಬಣ್ಣದ ಕಾಗದ, ಕತ್ತರಿ ಎಲ್ಲ ಅವರದೇ. ಹಾಲಿನಲ್ಲಿ ಕುರ್ಚಿ, ಮೇಜು ಯಾವುದೂ ಇಲ್ಲ. ಚಾಪೆ ಹಾಸಿರುತ್ತಾರೆ. ಕಿಟಕಿ ಗಾಜಿನ ತುಂಬ ಮಕ್ಕಳು ಕತ್ತರಿಸಿದ ಕೆಂಪು ಕಾಗದದ ಹೂಗಳು.

ನಾವು ಶಿಡ್ಲಘಟ್ಟದವರು. ರೇಷ್ಮೆ ನಂಬಿಕೊಂಡ ಮನೆ. ನಮ್ಮ ಮಾವನವರು ಚರಕದಲ್ಲಿ ನೂಲು ಬಿಚ್ಚಿದವರು. ನಮ್ಮ ಮನೆಯವರು ಈಗ ಒಂದು ಎಆರ್‌ಎಂ ಘಟಕದಲ್ಲಿ ಸೂಪರ್‌ವೈಸರ್. ಎಆರ್‌ಎಂ ಅಂದರೆ ತಾನೇ ನೂಲು ಬಿಚ್ಚುವ ದೊಡ್ಡ ಮಷೀನು. ಅವರ ಘಟಕದಲ್ಲಿರುವುದು ಚೀನಾದಿಂದ ತಂದದ್ದು. ಬಟನ್‌ಗಳ ಮೇಲೆಲ್ಲ ಚೀನೀ ಅಕ್ಷರ. ಕೆಟ್ಟು ನಿಂತಾಗ ಅಲ್ಲಿನ ಟೆಕ್ನಿಷಿಯನ್ ವಿಡಿಯೋ ಕಾಲ್‌ನಲ್ಲಿ ಬರುತ್ತಾರೆ. ಮಧ್ಯೆ ಫೋನಿನ ಅನುವಾದ ಒಂದು ಹೇಳಿದರೆ ಇನ್ನೊಂದು ಅನ್ನುತ್ತದೆ. ಅಷ್ಟು ಹೊತ್ತೂ ಬಿಸಿನೀರಿನಲ್ಲಿ ಗೂಡು ನೆನೆಯುತ್ತಲೇ ಇರುತ್ತದೆ. ಇದನ್ನೆಲ್ಲ ನೋಡಿ ನೋಡಿ, ನಮ್ಮ ಮನೆಯ ಒಂದು ಮಗುವಿಗಾದರೂ ಈ ಭಾಷೆ ಬರಲಿ ಅನ್ನಿಸಿತು. ಮಗಳು ಎರಡನೇ ಕ್ಲಾಸು.

ಮಾವನವರಿಗೆ ಇಷ್ಟವಿರಲಿಲ್ಲ. "ಚೀನಾ ನೂಲು ಬಂದು ಬಿದ್ದಾಗಲೆಲ್ಲ ನಮ್ಮ ನೂಲಿನ ರೇಟು ನೆಲ ಕಚ್ಚಿದೆ. ಅವರ ಮಾತು ಮನೆಯೊಳಗೆ ಯಾಕಮ್ಮ?" ಅಂದರು. ಅವರ ಮಾತಿನಲ್ಲಿ ಸುಳ್ಳಿಲ್ಲ. ಜಗತ್ತಿನಲ್ಲಿ ರೇಷ್ಮೆ ಎಲ್ಲರಿಗಿಂತ ಜಾಸ್ತಿ ಮಾಡುವುದು ಚೀನಾ, ಎರಡನೆಯದು ಭಾರತ. ಆಮದು ಸುಂಕ ಇಳಿಯುತ್ತದೆ ಅಂತ ಸುದ್ದಿ ಬಂದರೂ ಸಾಕು, ನಮ್ಮ ಊರಿನ ರೀಲರ್‌ಗಳಿಗೆ, ಅಂದರೆ ಗೂಡಿನಿಂದ ನೂಲು ಬಿಚ್ಚಿ ಮಾರುವವರಿಗೆ, ನಿದ್ದೆ ಇರುವುದಿಲ್ಲ. ಆದರೆ ನಮ್ಮ ರೇಟನ್ನು ಅಲ್ಲಾಡಿಸುವವರು ಅವರೇ, ನಮ್ಮ ಮಷೀನು ಮಾಡುವವರೂ ಅವರೇ ಅಂದಮೇಲೆ ಅವರ ಮಾತು ಗೊತ್ತಿರುವುದು ನಮಗೇ ಒಳ್ಳೆಯದು. ನಾನು ಮಾವನವರಿಗೆ ಹೇಳಿದ್ದು ಇಷ್ಟೇ.

ಇದು ಶಾಲೆಯಲ್ಲಿ ಸಿಗುವ ಪಾಠ ಅಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ವಿದೇಶಿ ಭಾಷೆಗಳ ಉದಾಹರಣೆಗೆ ಕೊರಿಯನ್, ಜಪಾನೀಸ್, ಥಾಯ್, ಫ್ರೆಂಚ್, ಜರ್ಮನ್ ಎಲ್ಲ ಇವೆ. 2019ರ ಕರಡಿನಲ್ಲಿದ್ದ ಚೀನೀ ಭಾಷೆ ಮಾತ್ರ ಕೊನೆಗೆ ಉಳಿಯಲಿಲ್ಲ. ಹಾಗಾಗಿ ನಮ್ಮಂಥ ಊರಿನಲ್ಲಿ ಇಂಥ ಮನೆ ಕ್ಲಾಸೇ ಗತಿ.

ಟೀಚರ್ ನಮ್ಮ ಜಿಲ್ಲೆಯವರೇ. ಗಂಡನ ಕೆಲಸಕ್ಕೆ ಹೋಗಿ ಸೂಜೋ ಊರಿನಲ್ಲಿ ಕೆಲವು ವರ್ಷ ಇದ್ದವರು. ಜಿಯಾಂಗ್‌ಸು ಪ್ರಾಂತ್ಯದ ಹಳೇ ಊರು ಅದು. ಕಾಲುವೆ, ಕಲ್ಲಿನ ಸೇತುವೆ, ರೇಷ್ಮೆ, ಈ ಮೂರಕ್ಕೂ ಹೆಸರಾಗಿದೆ. ಅಲ್ಲಿ ಪಕ್ಕದ ಮನೆಯ ಅಜ್ಜಿಯರು ಮೊಮ್ಮಕ್ಕಳನ್ನು ಆಡಿಸುವುದನ್ನು ನೋಡಿ ಮಕ್ಕಳ ಪದ್ಯಗಳನ್ನು ಕಲಿತರಂತೆ. ಮಕ್ಕಳು ಅವರನ್ನು 'ಲಾವ್‌ಷಿ' ಅಂತ ಕರೆಯುತ್ತಾರೆ, ಟೀಚರ್ ಅಂತ. ನಮ್ಮಂಥ ಅಮ್ಮಂದಿರ ಜೊತೆ ಚಿಕ್ಕಬಳ್ಳಾಪುರದ ತೆಲುಗು ಬೆರೆತ ಕನ್ನಡದಲ್ಲೇ ಮಾತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಚೀನಾದ ಅಧಿಕೃತ ಭಾಷೆ ಮ್ಯಾಂಡರಿನ್‌ನಲ್ಲಿ ನಾಲ್ಕು ಟೋನ್ ಇವೆ. ಟೋನ್ ಅಂದರೆ ಪದ ಹೇಳುವಾಗ ದನಿಯ ಏರಿಳಿತ. ಮೊದಲನೆಯದು ಎತ್ತರದಲ್ಲಿ ಮಟ್ಟಸವಾಗಿ ನಿಲ್ಲುತ್ತದೆ. ಎರಡನೆಯದು ಏರುತ್ತದೆ. ಮೂರನೆಯದು ತಗ್ಗಿಗೆ ಇಳಿದು ಮತ್ತೆ ಏಳುತ್ತದೆ. ನಾಲ್ಕನೆಯದು ಮೇಲಿಂದ ಧಡ್ ಅಂತ ಬೀಳುತ್ತದೆ. ಇವಲ್ಲದೆ ಒತ್ತಿಲ್ಲದ ಹಗುರವಾದದ್ದು ಒಂದು. ಉಚ್ಚಾರ ಅದೇ ಇದ್ದು ಟೋನ್ ಬದಲಾದರೆ ಮಾತೇ ಬೇರೆ. 'ಮಾಯ್' ಅನ್ನುವುದನ್ನು ಮೂರನೇ ಟೋನಿನಲ್ಲಿ ಹೇಳಿದರೆ ಕೊಳ್ಳುವುದು, ನಾಲ್ಕನೆಯದರಲ್ಲಿ ಹೇಳಿದರೆ ಮಾರುವುದು. ಗೂಡು ಕೊಂಡು ನೂಲು ಮಾರುವ ಊರಿನವರಿಗೆ ಇದೆಷ್ಟು ದೊಡ್ಡ ವ್ಯತ್ಯಾಸ ಅಂತ ಹೇಳಬೇಕಾಗಿಲ್ಲ ಅಲ್ವಾ.

ಹಾಡಿನ ತೊಡಕು ಇರುವುದು ಇಲ್ಲೇ. ಹಾಡಿಗೆ ತನ್ನದೇ ಧಾಟಿ ಇರುತ್ತದೆ. ಧಾಟಿ ಏರುವ ಜಾಗದಲ್ಲಿ ಬೀಳುವ ಟೋನಿನ ಪದ ಬಂದರೆ ಗೆಲ್ಲುವುದು ಧಾಟಿಯೇ. ಮ್ಯಾಂಡರಿನ್ ಹಾಡುಗಳಲ್ಲಿ ಪದದ ಟೋನ್ ಬಹುಪಾಲು ಅಳಿಸಿ ಹೋಗುತ್ತದೆ. ಅಲ್ಲಿನ ಮಗುವಿಗೆ ಇದರಿಂದ ತೊಂದರೆ ಆಗುವುದಿಲ್ಲ, ಮನೆಯ ಮಾತು ಮೊದಲೇ ಕಿವಿಯಲ್ಲಿ ಕೂತಿರುತ್ತದೆ. ನಮ್ಮ ಮಗುವಿಗೆ ಹಾಡು ಬಿಟ್ಟರೆ ಆ ಭಾಷೆ ಕೇಳುವ ಬೇರೆ ದಾರಿಯೇ ಇಲ್ಲ. ಬರೀ ಹಾಡು ಕಲಿತರೆ ಪದ ಬರುತ್ತವೆ, ಟೋನ್ ಬರುವುದಿಲ್ಲ.

ಇದಕ್ಕೆ ಮುಂಚೆ ಮಗಳು ಒಂದು ಆನ್‌ಲೈನ್ ಕ್ಲಾಸಿನಲ್ಲಿದ್ದಳು. ಅಲ್ಲಿ ಎರಡು ಹುಲಿಗಳ ಹಾಡು ಕಲಿಸಿದ್ದರು. ಒಂದಕ್ಕೆ ಕಣ್ಣಿಲ್ಲ, ಇನ್ನೊಂದಕ್ಕೆ ಬಾಲವಿಲ್ಲ ಅನ್ನುವ ಹಾಡು. ಅದರ ಧಾಟಿ ಫ್ರೆಂಚರ ಹಳೇ ಮಕ್ಕಳ ಹಾಡಿನದು. ಶಾಲೆಯಲ್ಲಿ ಇಂಗ್ಲಿಷ್ ಹಾಡಾಗಿ ಕೇಳಿದ ಧಾಟಿಯಾದ್ದರಿಂದ ಚೆನ್ನಾಗಿಯೇ ಹಾಡುತ್ತಿದ್ದಳು. ಆದರೆ ಹುಲಿಗೆ ಏನಂತಾರೆ ಹೇಳು ಅಂದರೆ ಆ ಎರಡು ಅಕ್ಷರವನ್ನೂ ಹಾಡಿನ ಧಾಟಿಯಲ್ಲೇ ಎಳೆದು ಹೇಳುತ್ತಿದ್ದಳು. ಹಾಡಿನಿಂದ ಹೊರಗೆ ಆ ಪದಕ್ಕೆ ಅವಳ ಬಾಯಲ್ಲಿ ರೂಪವೇ ಇರಲಿಲ್ಲ.

ಕಂದವಾರದ ಟೀಚರ್ ಇದನ್ನು ಬಗೆಹರಿಸಿರುವ ರೀತಿ ನನಗೆ ತುಂಬ ಇಷ್ಟವಾಯಿತು. ಅವರು ಹಾಡಿನಿಂದ ಶುರು ಮಾಡುವುದೇ ಇಲ್ಲ. ಮೊದಲು ಹೇಳುವ ಪದ್ಯ. ಧಾಟಿ ಇಲ್ಲದೆ, ಬರೀ ತಾಳಕ್ಕೆ ಹೇಳುವಂಥದ್ದು. ಬಿಳಿ ಮೊಲದ ಮೇಲೆ ಅಲ್ಲಿನ ಮಕ್ಕಳಿಗೆಲ್ಲ ಗೊತ್ತಿರುವ ಒಂದು ಚಿಕ್ಕ ಪದ್ಯವಿದೆ. ಮೊಲ ಬೆಳ್ಳಗಿದೆ, ಎರಡು ಕಿವಿ ನಿಮಿರಿ ನಿಂತಿವೆ, ಮೂಲಂಗಿ ತಿನ್ನುತ್ತದೆ, ಸೊಪ್ಪು ತಿನ್ನುತ್ತದೆ, ಕುಪ್ಪಳಿಸುತ್ತದೆ. ಅದರ ಕಟ್ಟು ಹೀಗೆ: ಮೂರು ಅಕ್ಷರ, ಮೂರು ಅಕ್ಷರ, ಆಮೇಲೆ ಏಳು, ಏಳು, ಏಳು. ಅಕ್ಷರಕ್ಕೊಂದು ಪೆಟ್ಟು. ಅಲ್ಲಿನ ಎಷ್ಟೋ ಮಕ್ಕಳ ಪದ್ಯಗಳಿಗೆ ಈ ಮೂರು, ಮೂರು, ಏಳರ ಕಟ್ಟೇ ಇರುತ್ತದಂತೆ. ತಾಳ ಕೂಡಿಸುವುದಕ್ಕೆ ಟೀಚರ್ ಇಟ್ಟುಕೊಂಡಿರುವುದು ಒಂದು ಚಿಕ್ಕ ತಮಟೆ. ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದ ಮೇಲೆ ನಮ್ಮ ಜಿಲ್ಲೆಯ ಮಕ್ಕಳಿಗೆ ತಮಟೆ ಅಂದರೆ ಇನ್ನೂ ಒಂದು ತೂಕ ಜಾಸ್ತಿ ಪ್ರೀತಿ. ತಮಟೆ ಸದ್ದು ಕೇಳಿದರೆ ಯಾವ ಮಗು ತಾನೇ ಸುಮ್ನೆ ಕೂರುತ್ತೆ?

ಪದ್ಯ ಹೇಳುವಾಗ ಟೋನ್ ಎಲ್ಲೂ ಕೆಡುವುದಿಲ್ಲ, ಯಾಕೆಂದರೆ ಅದು ತಾಳ ಸೇರಿದ ಮಾತು. ಅದರ ಜೊತೆಗೆ ಮೈ ಕೂಡ ಆಡಬೇಕು. ಮೊದಲನೇ ಟೋನಿಗೆ ತಲೆಯ ಎತ್ತರದಲ್ಲಿ ಕೈ ಅಡ್ಡ ಚಾಚಬೇಕು. ಎರಡನೆಯದಕ್ಕೆ ಸೊಂಟದಿಂದ ಮೇಲಕ್ಕೆ ಬೀಸಬೇಕು. ಮೂರನೆಯದಕ್ಕೆ ಮಂಡಿ ಬಗ್ಗಿಸಿ ಕೂತು ಏಳಬೇಕು. ನಾಲ್ಕನೆಯದಕ್ಕೆ ಕೈ ಕೆಳಗೆ ಕಡಿದು ಕಾಲು ಅಪ್ಪಳಿಸಬೇಕು. ಇಡೀ ಪದ್ಯ ಹೀಗೆ ಆಡಿದ ಮೇಲೆ ಮಕ್ಕಳು ಬೆವರಿರುತ್ತಾರೆ. ಈ ಪದ್ಯಗಳು ಬಾಯಿಗೂ ಮೈಗೂ ಹತ್ತಿದ ಮೇಲೆಯೇ ಹಾಡು. ಆಗ ಧಾಟಿ ಟೋನನ್ನು ನುಂಗಿದರೂ ಪರವಾಗಿಲ್ಲ. ಮಗುವಿನ ಹತ್ತಿರ ಪದ ಭದ್ರವಾಗಿ ಉಳಿದಿರುತ್ತದೆ.

'ನೀ ಹಾವ್' ಅನ್ನುವ ನಮಸ್ಕಾರದಲ್ಲಿ ಎರಡೂ ಮೂರನೇ ಟೋನು. ಎರಡು ಮೂರನೆಯವು ಅಕ್ಕಪಕ್ಕ ಬಂದರೆ ಮೊದಲನೆಯದು ಏರುವ ಟೋನಾಗಿಬಿಡುತ್ತದೆ. ಈ ನಿಯಮವನ್ನು ಟೀಚರ್ ಬಾಯಿಬಿಟ್ಟು ಹೇಳುವುದೇ ಇಲ್ಲ. 'ನೀ' ಅಂದಾಗ ಕೈ ಮೇಲಕ್ಕೆ ಬೀಸಿಸುತ್ತಾರೆ, 'ಹಾವ್' ಅಂದಾಗ ಕೂರಿಸುತ್ತಾರೆ. ಮಗಳಿಗೆ ಆ ನಿಯಮ ಇದೆ ಅಂತಲೂ ಗೊತ್ತಿಲ್ಲ, ಆದರೆ ತಪ್ಪಿಲ್ಲದೆ ಹೇಳುತ್ತಾಳೆ.

ಇನ್ನೊಂದು ವಿಷಯ ನಮ್ಮ ಕನ್ನಡದ ಮಕ್ಕಳಿಗೆ ನೇರವಾಗಿ ಸೇರಿದ್ದು. ಚೀನೀ ಉಚ್ಚಾರವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಪಿನ್‌ಯಿನ್ ಅನ್ನುವ ಪದ್ಧತಿ 1958ರಿಂದ ಇದೆ. ಬಹಳ ಕ್ಲಾಸುಗಳು ಅಲ್ಲಿಂದಲೇ ಶುರು ಮಾಡುತ್ತವೆ. ಅದರಲ್ಲಿ 'ಬಿ' ಅಂತ ಬರೆದಿರುವುದು ನಿಜವಾಗಿ ನಮ್ಮ ಪ. 'ಪಿ' ಅಂತ ಬರೆದಿರುವುದು ನಮ್ಮ ಮಹಾಪ್ರಾಣದ ಫ. 'ಜಿ' ಅಂದರೆ ಕ, 'ಕೆ' ಅಂದರೆ ಖ. ಇಂಗ್ಲಿಷ್ ಮೀಡಿಯಂ ಮಗು ಅದನ್ನು ಬ, ಗ ಅಂತಲೇ ಓದುತ್ತದೆ. ಒಮ್ಮೆ ಹಾಗೆ ಕೂತುಬಿಟ್ಟರೆ ತಿದ್ದುವುದು ಕಷ್ಟ. ಇಲ್ಲಿ ಚಿಕ್ಕವರಿಗೆ ಪಿನ್‌ಯಿನ್ ತೋರಿಸುವುದೇ ಇಲ್ಲ. ಗೋಡೆ ಮೇಲೆ ನಮ್ಮ ಕ ಖ, ಚ ಛ, ತ ಥ, ಪ ಫ ಬರೆದ ಚಾರ್ಟ್ ಇದೆ. ಶ ಮತ್ತು ಷ ಕೂಡ ಬೇರೆ ಬೇರೆಯಾಗಿ ಬೇಕು, ಚೀನೀಯಲ್ಲಿ ಎರಡೂ ಇವೆ. ಕಾಗುಣಿತ ಬರುವ ಮಗುವಿಗೆ ಅರ್ಧ ಕೆಲಸ ಮುಗಿದ ಹಾಗೆ.

ಉಳಿದರ್ಧ ಕಷ್ಟ, ಯಾಕೆಂದರೆ ನಾವು ಮಹಾಪ್ರಾಣ ಬರೆಯುತ್ತೇವೆ, ಹೇಳುವುದಿಲ್ಲ. ಇದಕ್ಕೆ ಟೀಚರ್ ತೆಳು ಟಿಶ್ಯೂ ಕಾಗದದ ಪಟ್ಟಿ ಕೊಡುತ್ತಾರೆ. ಬಾಯಿಯ ಮುಂದೆ ಹಿಡಿದು 'ಫಾ' ಅಂದರೆ ಕಾಗದ ಹಾರಬೇಕು, 'ಪಾ' ಅಂದರೆ ಅಲ್ಲಾಡಬಾರದು. ಮಗಳು ಮನೆಯಲ್ಲಿ ಕಾಗದದ ಬದಲು ರೇಷ್ಮೆ ಎಳೆ ಹಿಡಿದು ಮಾಡುತ್ತಾಳೆ, ಅದು ಇನ್ನೂ ಸೂಕ್ಷ್ಮ. ಕ್ಲಾಸಿನಲ್ಲಿ ಮನೆಯಲ್ಲಿ ಉರ್ದು ಮಾತಾಡುವ ಮಕ್ಕಳಿದ್ದಾರೆ. ಖ, ಥ, ಫ ಅವರ ಬಾಯಲ್ಲಿ ಮೊದಲೇ ಇವೆ. ಟೀಚರ್ ಅವರನ್ನು ಮುಂದೆ ನಿಲ್ಲಿಸಿ ಉಳಿದವರಿಗೆ ಹೇಳಿಕೊಡಿಸುತ್ತಾರೆ. ಆ ಮಕ್ಕಳ ಮುಖ ಆಗ ನೋಡಬೇಕು.

ಹಾಡುಗಳ ಆಯ್ಕೆ ಚೆನ್ನಾಗಿದೆ. ದೋಣಿ ಹುಟ್ಟು ಹಾಕುತ್ತ ತಾಯಿಯ ತಾಯಿ ಇರುವ ಸೇತುವೆಯ ತನಕ ಹೋಗುವ ಒಂದು ಹಳೇ ಪದ್ಯ ಸೂಜೋ ಕಡೆಯದು. ಇಬ್ಬರು ಮಕ್ಕಳು ಎದುರುಬದುರು ಕೂತು, ಪಾದಕ್ಕೆ ಪಾದ ಕೊಟ್ಟು, ಕೈ ಹಿಡಿದು ಹಿಂದೆ ಮುಂದೆ ತೂಗುತ್ತಾರೆ. ಜಿಯಾಂಗ್‌ಸುವಿನ ಜನಪದ ಹಾಡು 'ಮೋ ಲಿ ಹ್ವಾ' ಕೂಡ ಇದೆ, ಮಲ್ಲಿಗೆ ಹೂವಿನ ಮೇಲಿನದು. 1926ರಲ್ಲಿ ರಂಗಕ್ಕೆ ಬಂದ, ಇಟಲಿಯ ಸಂಗೀತಗಾರ ಪುಚಿನಿಯ 'ಟುರಾಂಡಾಟ್' ಒಪೆರಾದಲ್ಲೂ ಇದೇ ಧಾಟಿ ಇದೆ. ಸಂಗೀತ ಕಲಿತ ನನ್ನ ನಾದಿನಿ ಮಗಳ ಬಾಯಲ್ಲಿ ಇದನ್ನು ಕೇಳಿ, "ಅಕ್ಕ, ಇದು ನಮ್ಮ ಮೋಹನ ರಾಗದ ಸ್ವರಗಳೇ ಅಲ್ವಾ?" ಅಂದಳು. ಹೌದು, ಸ ರಿ ಗ ಪ ದ, ಐದೇ ಸ್ವರ. ಅಲ್ಲಿನ ಜನಪದ ಹಾಡುಗಳು ಹೆಚ್ಚಾಗಿ ಈ ಐದು ಸ್ವರದ ಒಳಗೇ ಇರುತ್ತವೆ. ನಮ್ಮ ಮಕ್ಕಳ ಕಿವಿಗೆ ಅದಕ್ಕೇ ಇರಬೇಕು ಪರಕೀಯ ಅನ್ನಿಸುವುದಿಲ್ಲ. ಕರ್ಚೀಫ್ ಆಟ ಕೂಡ ಇದೆ. ಮಕ್ಕಳು ಸುತ್ತ ಕೂತಿರುತ್ತಾರೆ, ಒಬ್ಬರು ಹಿಂದಿನಿಂದ ಓಡುತ್ತ ಯಾರದೋ ಬೆನ್ನ ಹಿಂದೆ ಕರ್ಚೀಫ್ ಬಿಟ್ಟು ಹೋಗಬೇಕು. ನಮ್ಮ 'ಟೋಪಿ ಬೇಕಾ ಟೋಪಿ' ಆಡಿದ ಮಕ್ಕಳಿಗೆ ಇದನ್ನು ವಿವರಿಸುವ ಅಗತ್ಯವೇ ಬರಲಿಲ್ಲ.

ಕುಣಿತದ ಭಾಗದಲ್ಲಿ ನನಗೆ ಮರೆಯಲಾಗದ್ದು ರೇಷ್ಮೆ ಹುಳುವಿನ ಪಾಠ. ಮೊಟ್ಟೆ, ಹುಳು, ಗೂಡು, ಚಿಟ್ಟೆ ಅಂತ ನಾಲ್ಕು ಪದ. ಟೀಚರ್ ಯೋಚಿಸಿದ್ದು ಸರಳವಾಗಿತ್ತು. ಮಕ್ಕಳು ಮುದುಡಿ ಮಲಗಬೇಕು, ತೆವಳಬೇಕು, ಸೊಪ್ಪು ತಿನ್ನಬೇಕು, ಗುಂಡಗೆ ಸುತ್ತಿಕೊಳ್ಳಬೇಕು, ಕೊನೆಗೆ ರೆಕ್ಕೆ ಬಡಿಯಬೇಕು. ತೆವಳುತ್ತ ತೆವಳುತ್ತ ನಮ್ಮ ಊರಿನ ಒಬ್ಬ ಹುಡುಗ ತಲೆ ಎತ್ತಿ ಅಲ್ಲಾಡದೆ ನಿಂತುಬಿಟ್ಟ. "ಯಾಕೋ?" ಅಂದರು ಟೀಚರ್. "ಜ್ವರಕ್ಕೆ ಕೂತಿದೆ ಲಾವ್‌ಷಿ" ಅಂದ. ಹುಳು ಸಾಕುವ ಮನೆಯ ಮಗು ಅದು. ಹುಳು ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕು ಜ್ವರ ಮುಗಿದ ಮೇಲೆಯೇ ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಅನ್ನುವ ತಟ್ಟೆ ಏರುವುದು. ಟೀಚರ್ ಕೂತು ಅವನಿಂದ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಆಟವನ್ನೇ ಬದಲಾಯಿಸಿದರು. ನಾಲ್ಕು ಸಲ ತಿನ್ನುವುದು, ನಾಲ್ಕು ಸಲ ನಿಲ್ಲುವುದು. ಪ್ರತಿ ಸಲ ನಿಂತಾಗ ಚೀನೀಯಲ್ಲಿ ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸುವುದು. ಗೂಡು ಕಟ್ಟುವಾಗ ಹುಳು ತಲೆಯನ್ನು ಇಂಗ್ಲಿಷಿನ ಎಂಟರ ಆಕಾರದಲ್ಲಿ ಆಡಿಸುತ್ತದೆ ಅಂತ ನನ್ನ ಮಗಳು ಮಾಡಿ ತೋರಿಸಿದಳು. ಎಲ್ಲ ಮಕ್ಕಳೂ ಅದನ್ನೇ ಮಾಡಿದರು. ತಾವು ಬರೆದುಕೊಂಡು ಬಂದ ಪಾಠವನ್ನು ಪಕ್ಕಕ್ಕಿಟ್ಟು ಮಕ್ಕಳಿಂದ ಕಲಿಯುವ ಟೀಚರ್ ಎಷ್ಟು ಜನ ಸಿಗುತ್ತಾರೆ? ಈ ಕ್ಲಾಸಿಗೆ ನಾನು ಕೊಡುವ ದುಡ್ಡು ಅವತ್ತೇ ಸಾರ್ಥಕವಾಯಿತು.

ಸಂತೆ ಆಟವೂ ಒಳ್ಳೆಯದು. ಚಾಪೆ ಮೇಲೆ ಟೊಮೆಟೊ, ಮೂಲಂಗಿ, ದ್ರಾಕ್ಷಿ. 'ಮಾಯ್' ಅಂತ ಕೂತು ಎದ್ದರೆ ನೀವು ಕೊಳ್ಳುವವರು. 'ಮಾಯ್' ಅಂತ ಕಾಲು ಅಪ್ಪಳಿಸಿದರೆ ಮಾರುವವರು. ಟೋನ್ ತಪ್ಪಿದರೆ ನಿಮ್ಮ ಟೊಮೆಟೊ ಕೈಬಿಟ್ಟು ಹೋಗುತ್ತದೆ. ಬೆಲೆ ಹೇಳುವುದು ಒಂದೇ ಕೈಯಲ್ಲಿ. ಚೀನಾದಲ್ಲಿ ಒಂದರಿಂದ ಹತ್ತರ ತನಕ ಒಂದೇ ಕೈ ಬೆರಳಲ್ಲಿ ತೋರಿಸುತ್ತಾರೆ. ಆರು ಅಂದರೆ ಹೆಬ್ಬೆರಳು ಮತ್ತು ಕಿರುಬೆರಳು, ಎಂಟು ಅಂದರೆ ಹೆಬ್ಬೆರಳು ಮತ್ತು ತೋರುಬೆರಳು. ಮಗಳು ಇದನ್ನು ಮನೆಯಲ್ಲಿ ತೋರಿಸಿದಾಗ ಮಾವನವರು ಪೇಪರ್ ಕೆಳಗಿಟ್ಟರು. ಅವರು ಘಾಟಿ ದನಗಳ ಜಾತ್ರೆಯಲ್ಲಿ ಟವೆಲ್ ಅಡಿಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡಿದವರು. "ಏಳು ಹೆಂಗೆ ತೋರಿಸ್ತಾರೆ, ಇನ್ನೊಂದ್ಸಲ ಮಾಡು ಪುಟ್ಟಿ" ಅಂದರು. ಈಗ ಭಾನುವಾರ ಮಧ್ಯಾಹ್ನ ಅಜ್ಜ ಮೊಮ್ಮಗಳಿಬ್ಬರೂ ಜಗಲಿಯಲ್ಲಿ ಕೂತು ಬೆರಳಲ್ಲೇ ಲೆಕ್ಕ ಮಾಡುತ್ತಾರೆ. ಚೀನಾ ನೂಲಿನ ಮೇಲಿನ ಸಿಟ್ಟು ಅವರಿಗೆ ಹಾಗೇ ಇದೆ, ಇರಲಿ.

ಚಿತ್ರದ ಪಾಠದಲ್ಲಿ ಅಕ್ಷರ ಶುರುವಾಗುತ್ತದೆ. ಪುಸ್ತಕ ಪೆನ್ಸಿಲ್ ಇಲ್ಲ. ನೀರಿನಲ್ಲಿ ಬರೆಯುವ ಒಂದು ಬಟ್ಟೆ ಬರುತ್ತದೆ. ಕುಂಚವನ್ನು ಬರೀ ನೀರಿನಲ್ಲಿ ಅದ್ದಿ ಎಳೆದರೆ ಕಪ್ಪಗೆ ಮೂಡುತ್ತದೆ, ಒಣಗಿದರೆ ಮಾಯ. ತಪ್ಪು ಉಳಿಯುವುದಿಲ್ಲ, ಹಾಗಾಗಿ ಮಕ್ಕಳಿಗೆ ಹೆದರಿಕೆಯೇ ಇರುವುದಿಲ್ಲ. ಮೊದಲು ಮರ. ಅಡ್ಡ ಗೆರೆ, ಉದ್ದ ಗೆರೆ, ಎಡಕ್ಕೊಂದು ಕೊಂಬೆ, ಬಲಕ್ಕೊಂದು ಕೊಂಬೆ. ಇದೇ ಕ್ರಮದಲ್ಲಿ ಬರೆಯಬೇಕು, ಹಿಂದೆ ಮುಂದೆ ಮಾಡುವ ಹಾಗಿಲ್ಲ. ಎರಡು ಮರ ಪಕ್ಕಪಕ್ಕ ಬರೆದರೆ ತೋಪು. ಮೂರು ಬರೆದರೆ ಕಾಡು. ಎರಡು ಮರ ಬರೆಯುವಾಗ ಎಡಗಡೆ ಮರದ ಬಲಗೊಂಬೆ ಚಿಕ್ಕದಾಗುತ್ತದೆ. "ಪಕ್ಕದ ಮರಕ್ಕೆ ಜಾಗ ಬಿಡಬೇಕು ಕಣ್ರೋ" ಅನ್ನುತ್ತಾರೆ ಟೀಚರ್. ಇಬ್ಬರು ಮಕ್ಕಳನ್ನು ಕೈ ಚಾಚಿ ಪಕ್ಕದಲ್ಲಿ ನಿಲ್ಲಿಸಿ, ಒಬ್ಬರ ಕೈ ಮಡಚಿಸಿ ತೋರಿಸುತ್ತಾರೆ. ಈ ಒಂದು ವಿಷಯ ಪುಸ್ತಕದಲ್ಲಿ ಕಲಿಸಿದ್ದರೆ ನನ್ನ ಮಗಳಿಗೆ ನೆನಪಿರುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ಮಸಿ ಚಿತ್ರಕ್ಕೆ ಚಿಕ್ಕಬಳ್ಳಾಪುರದ ಹೂವಿನ ಮಾರ್ಕೆಟ್‌ನಿಂದ ಸೇವಂತಿಗೆ ತರುತ್ತಾರೆ. ಅಲ್ಲಿನ ಕುಂಚದ ಚಿತ್ರಗಳಲ್ಲಿ ನಾಲ್ಕು ಗಿಡಗಳಿಗೆ ದೊಡ್ಡ ಮರ್ಯಾದೆ ಇದೆ: ಪ್ಲಮ್ ಹೂ, ಆರ್ಕಿಡ್, ಬಿದಿರು, ಸೇವಂತಿಗೆ. ಮಗುವಿನ ಕಣ್ಣೆದುರು ನಮ್ಮ ತೋಟದ ಹೂವೇ ಇರುತ್ತದೆ, ಕೈಯಲ್ಲಿ ಅವರ ಕುಂಚ. ಚೀನಾದ ಶ್ವಾನ್ ಕಾಗದ ದುಬಾರಿ, ಅದಕ್ಕೆ ಹಳೇ ನ್ಯೂಸ್‌ಪೇಪರ್ ಮೇಲೆ ಬರೆಸುತ್ತಾರೆ. ಅದು ಸರಿಯಾದ ನಿರ್ಧಾರ.

ಕಾಗದ ಕತ್ತರಿಸುವ ಕಲೆ ಬಗ್ಗೆ ಮಾತ್ರ ನನಗೆ ಅಷ್ಟು ಸಮಾಧಾನವಿಲ್ಲ. ಅದು ದೊಡ್ಡ ಕಲೆ, ಯುನೆಸ್ಕೋ ಪಟ್ಟಿಗೆ 2009ರಲ್ಲಿ ಸೇರಿದೆ. ಕೆಂಪು ಕಾಗದ ಮಡಚಿ ಕತ್ತರಿಸಿ ಬಿಚ್ಚಿದಾಗ ಮಕ್ಕಳಿಗೆ ಆಗುವ ಖುಷಿ ನಿಜ. ಆದರೆ ಆ ಇಡೀ ಹೊತ್ತು ಯಾರೂ ಒಂದು ಚೀನೀ ಮಾತು ಆಡುವುದಿಲ್ಲ. ಕತ್ತರಿ ಕೊಡು, ಅಂಟು ಎಲ್ಲಿ, ನನ್ನದು ಹರಿದುಹೋಯಿತು, ಎಲ್ಲ ಕನ್ನಡದಲ್ಲೇ. ಆ ನಾಲ್ಕು ಮಾತನ್ನಾದರೂ ಚೀನೀಯಲ್ಲಿ ಆಡಿಸಿದ್ದರೆ ಅದೇ ಪಾಠವಾಗುತ್ತಿತ್ತು. ಟೀಚರ್‌ಗೆ ಹೇಳಿದ್ದೇನೆ. "ಹೌದು ಅಕ್ಕ, ಅದು ಮಾಡಬೇಕು" ಅಂದರು. ಇನ್ನೂ ಶುರುವಾಗಿಲ್ಲ.

ಕ್ಲಾಸಿನ ದೊಡ್ಡ ಕೊರತೆಯೂ ಇದೇ. ಮಕ್ಕಳಿಗೆ ಪದ್ಯ ಬರುತ್ತದೆ, ಹಾಡು ಬರುತ್ತದೆ, ಸಂತೆಯ ಮಾತು ಬರುತ್ತದೆ. ನೀರು ಬೇಕು, ಬಾತ್‌ರೂಮಿಗೆ ಹೋಗಬೇಕು, ಹೊಟ್ಟೆ ಹಸಿದಿದೆ ಅನ್ನುವುದು ಬರುವುದಿಲ್ಲ. ಪದ್ಯ ಎಷ್ಟೇ ಚೆನ್ನಾಗಿ ಬಂದರೂ ಅದು ಬೇರೆಯವರು ಕಟ್ಟಿದ ಮಾತು. ಮಗು ತನಗೆ ಬೇಕಾದ್ದನ್ನು ತಾನೇ ಜೋಡಿಸಿ ಕೇಳುವ ದಿನ ಬರಬೇಕು. ವಾರಕ್ಕೆ ಎರಡು ಗಂಟೆಯಲ್ಲಿ ಅದು ಕಷ್ಟ ಅಂತ ಗೊತ್ತು. ಆದರೂ ಪ್ರತಿ ಕ್ಲಾಸಿನಲ್ಲಿ ಕಾಲು ಗಂಟೆ ಅದಕ್ಕೇ ಎತ್ತಿಡಬಹುದು.

ವಯಸ್ಸಿನ ವಿಷಯ ಮೊದಲೇ ಹೇಳಿದೆ. ಐದು ವರ್ಷದವರೂ ಹನ್ನೊಂದರವರೂ ಒಂದೇ ಚಾಪೆ ಮೇಲೆ. ದೊಡ್ಡ ಹುಡುಗರಿಗೆ ಮೊಲ ಆಗಿ ಕುಪ್ಪಳಿಸುವುದು ನಾಚಿಕೆ. ಹಿಂದೆ ಗೋಡೆಗೆ ಒರಗಿ ನಿಂತುಬಿಡುತ್ತಾರೆ. ಅವರಿಗೆ ಬೇಕಾಗಿರುವುದು ಅಕ್ಷರ, ಪಿನ್‌ಯಿನ್, ವಾಕ್ಯ. ಮೂರನೇ ಟೋನ್ ಓಡುವ ಮಾತಿನ ಮಧ್ಯೆ ಪೂರ್ತಿ ಏಳುವುದಿಲ್ಲ, ತಗ್ಗಿನಲ್ಲೇ ಉಳಿಯುತ್ತದೆ ಅನ್ನುವಂಥದ್ದನ್ನು ಅವರಿಗೆ ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ಪ್ರತಿಸಲ ಕೂತು ಎದ್ದು ಮಾತು ನಿಧಾನವಾಗುತ್ತದೆ. ಪರೀಕ್ಷೆ ಬೇಕು ಅನ್ನುವವರಿಗೂ ಇದು ಸಲ್ಲುವುದಿಲ್ಲ. ಮಕ್ಕಳಿಗಾಗಿ ವೈಸಿಟಿ ಅನ್ನುವ ಪರೀಕ್ಷೆ ಇದೆ, ಮೊದಲ ಹಂತಕ್ಕೆ 80 ಪದ ಸಾಕು. ನನ್ನ ಮಗಳ ಬಾಯಲ್ಲಿ ಅದಕ್ಕಿಂತ ಜಾಸ್ತಿ ಪದ ಇರಬಹುದು, ಆದರೆ ಆ ಪಟ್ಟಿಯಲ್ಲಿ ಮೂಲಂಗಿಯೂ ರೇಷ್ಮೆ ಹುಳುವೂ ಸಿಗುವುದಿಲ್ಲ.

ಮನೆಯಲ್ಲಿ ಓದಿಸುವುದಕ್ಕೆ ವಾಟ್ಸಾಪ್‌ನಲ್ಲಿ ಆಡಿಯೋ ಕಳಿಸುತ್ತಾರೆ. ಇಡೀ ಪದ್ಯ ಒಂದೇ ಉಸಿರಿಗೆ ಇರುತ್ತದೆ. ಸಾಲು ಸಾಲಾಗಿ ತುಂಡು ಮಾಡಿ, ಮಧ್ಯೆ ಮಗು ಹೇಳುವಷ್ಟು ಜಾಗ ಬಿಟ್ಟು ಕಳಿಸಿದರೆ ನಮ್ಮಂಥ ಭಾಷೆ ಬರದ ಅಮ್ಮಂದಿರಿಗೂ ಅನುಕೂಲ. ಮದುವೆ ಸೀಸನ್‌ನಲ್ಲಿ ಕ್ಲಾಸು ರದ್ದಾಗುವುದು ಜಾಸ್ತಿ, ಅದನ್ನು ಹಿಂದಿನ ದಿನ ರಾತ್ರಿ ಹೇಳುತ್ತಾರೆ. ದೂರದಿಂದ ಬಸ್ಸಿನಲ್ಲಿ ಬರುವವರಿಗೆ ಇದು ತೊಂದರೆ. ಮೆಟ್ಟಿಲು ಕಡಿದಾಗಿದೆ, ಚಿಕ್ಕ ಮಕ್ಕಳ ಕೈ ಹಿಡಿದುಕೊಳ್ಳಿ.

ಇಷ್ಟೆಲ್ಲ ಇದ್ದೂ ನಾನು ಮಗಳನ್ನು ಬಿಡಿಸುವುದಿಲ್ಲ. ಮೊನ್ನೆ ಮಷೀನು ನಿಂತಾಗ ನಮ್ಮ ಮನೆಯವರು ವಿಡಿಯೋ ಕಾಲ್‌ನಲ್ಲಿದ್ದರು. ಮಗಳು ಪಕ್ಕದಲ್ಲಿ ನಿಂತು ಆ ಟೆಕ್ನಿಷಿಯನ್‌ಗೆ ನಮಸ್ಕಾರ ಹೇಳಿ, ಹುಳು ಅಂತ ಹೇಳಿ, ನಾಲ್ಕು ಬೆರಳು ತೋರಿಸಿದಳು. ಅವರು ಫೋನಿನ ಅನುವಾದ ಆಫ್ ಮಾಡಿ ಅವಳಿಗೆ ನಿಧಾನವಾಗಿ ಏನೋ ಕೇಳಿದರು. ಅವಳಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಆದರೆ ಅವಳು ಹೇಳಿದ್ದು ಒಂದಕ್ಷರವೂ ಬಿಡದೆ ಅವರಿಗೆ ಅರ್ಥವಾಯಿತು. ಟೋನ್ ಸರಿ ಇದ್ದರೆ ನಾಲ್ಕೇ ಪದ ಇದ್ದರೂ ಎದುರಿನವರಿಗೆ ಮುಟ್ಟುತ್ತದೆ.

ಹೊಸ ಮಕ್ಕಳನ್ನು ಜೂನ್ ತಿಂಗಳಲ್ಲಿ ತೆಗೆದುಕೊಳ್ಳುತ್ತಾರೆ, ಮಧ್ಯದಲ್ಲಿ ಸೇರಿಸಿಕೊಳ್ಳುವುದು ಕಮ್ಮಿ. ಮೊದಲ ಭಾನುವಾರ ಫೀಸ್ ಇಲ್ಲದೆ ಕೂರಬಹುದು, ಅಮ್ಮಂದಿರೂ ಮೂಲೆಯಲ್ಲಿ ಇರಬಹುದು. ಶಿಡ್ಲಘಟ್ಟದಿಂದ ಬರುವವರು ಒಂಬತ್ತಕ್ಕೆ ಮುಂಚೆ ಬಸ್ಸು ಹಿಡಿದರೆ ಧಾವಂತವಿಲ್ಲದೆ ತಲುಪುತ್ತೀರಿ. ನೀರಿನ ಬಾಟಲಿ ಕಳಿಸಿ, ಕುಣಿಯುವಾಗ ತುಂಬ ಬಾಯಾರಿಕೆ ಆಗುತ್ತದೆ. ಮಸಿ ಚಿತ್ರ ಇರುವ ವಾರ ಹಳೇ ಬಟ್ಟೆ ಹಾಕಿ. ಆ ಮಸಿ ಯಾವ ಸೋಪಿಗೂ ಹೋಗುವುದಿಲ್ಲ.